ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗಲ್ಲ: ಟರ್ಬೊ ಡೀಸೆಲ್ ಕಾರಿನ ತೊಂದರೆ ಹುಡುಕುವ ಬಗೆ

ಕೀ ತಿರುಗಿಸುತ್ತೀರಿ. ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತದೆ. ಎಂಜಿನ್ ಗರಗರ ತಿರುಗುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಹೀಗಾದಾಗ ಮೊದಲು ಬರುವ ಮಾತು "ಟರ್ಬೊ ಹೋಗಿರಬೇಕು" ಎಂಬುದು. ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಫ್ಯಾನ್.

ತೀರ್ಥಹಳ್ಳಿ ಕಡೆಯ ನನ್ನ ಗೆಳೆಯನ ಡೀಸೆಲ್ ಕಾರಿಗೂ ಇದೇ ಆಯಿತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಪೇಟೆಗೆ ಹೋಗಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಏನೂ ಇಲ್ಲ. ಒಂದು ಗ್ಯಾರೇಜಿನಲ್ಲಿ ಟರ್ಬೊ ಬಿಚ್ಚಿಸಿದರು. ಆಮೇಲೆ ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಎರಡು ಇಂಜೆಕ್ಟರ್ ಬದಲಾದವು. ತೊಂದರೆ ಹಾಗೆಯೇ ಉಳಿಯಿತು. ಕೊನೆಗೆ ಸಿಕ್ಕಿದ್ದೇನು ಅಂತ ಮುಂದೆ ಹೇಳುತ್ತೇನೆ. ಅವನು ಕಳೆದುಕೊಂಡ ದುಡ್ಡು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಸಾಕ್ಷಿ ಸಿಗುವ ತನಕ ಒಂದು ಪಾರ್ಟನ್ನೂ ಕೊಳ್ಳಬೇಡಿ.

ಇಲ್ಲಿ ಹೇಳುವುದು ಕಾಮನ್ ರೈಲ್ ಟರ್ಬೊ ಡೀಸೆಲ್ ಎಂಜಿನ್‌ಗಳ ಬಗ್ಗೆ. ಅಂದರೆ ಹೈ ಪ್ರೆಶರ್ ಪಂಪ್ ಒತ್ತಿದ ಡೀಸೆಲ್ ರೈಲ್ ಎಂಬ ಒಂದೇ ದಪ್ಪ ಪೈಪಿನಲ್ಲಿ ಕೂಡಿ, ಅಲ್ಲಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಹೋಗುವ ಬಗೆ. ನಮ್ಮ ರಸ್ತೆಗಳಲ್ಲಿ ಇವು ಇನ್ನೂ ಜಾಸ್ತಿ ಇವೆ. ಫಿಯೆಟ್ 2003ರಲ್ಲಿ ತಂದ 1,248 ಸಿಸಿಯ ಮಲ್ಟಿಜೆಟ್ ಒಂದನ್ನೇ ತೆಗೆದುಕೊಳ್ಳಿ. ಸ್ವಿಫ್ಟ್, ಡಿಸೈರ್, ಪುಂಟೊ, ಇಂಡಿಕಾ ವಿಸ್ಟಾ, ಎಲ್ಲದರಲ್ಲೂ ಅದೇ ಕೂತಿತ್ತು. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ನಿಲ್ಲಿಸಿದರೂ ಹಳೆಯ ಗಾಡಿಗಳು ಓಡುತ್ತಲೇ ಇವೆ. ಟರ್ಬೊ ಪೆಟ್ರೋಲ್ ಇಟ್ಟುಕೊಂಡವರಿಗೆ ಕೊನೆಯಲ್ಲಿ ಸ್ವಲ್ಪ ಬರೆದಿದ್ದೇನೆ.

ಟರ್ಬೊ ಮೇಲೆ ಯಾಕೆ ಅನುಮಾನ ಬೇಡ

ಟರ್ಬೊ ತಿರುಗುವುದು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯ ಬಲದಿಂದ. ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗುವುದು ನಿಮಿಷಕ್ಕೆ 200-250 ಸುತ್ತು ಅಷ್ಟೇ. ಒಳಗೆ ಇನ್ನೂ ಏನೂ ಉರಿದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಟರ್ಬೊ ಮಾಡುವ ಕೆಲಸವೇ ಇಲ್ಲ. ಟರ್ಬೊ ಇಲ್ಲದ ಎಂಜಿನ್ ಹೇಗೆ ಗಾಳಿ ಎಳೆದುಕೊಳ್ಳುತ್ತದೋ ಇದೂ ಹಾಗೆಯೇ ಎಳೆದುಕೊಳ್ಳುತ್ತದೆ. ಟರ್ಬೊ ಕೆಟ್ಟರೆ ಎಳೆತ ಕಡಿಮೆಯಾಗುತ್ತದೆ, ಕಪ್ಪು ಅಥವಾ ನೀಲಿ ಹೊಗೆ ಬರುತ್ತದೆ, ಶಿಳ್ಳೆ ಹೊಡೆದ ಹಾಗೆ ಸದ್ದು ಬರುತ್ತದೆ. ಸ್ಟಾರ್ಟ್ ಆಗದೇ ಇರುವುದು ಬಹಳ ಅಪರೂಪ. ಆ ಅಪರೂಪದ ಸಂದರ್ಭಗಳಿಗೆ ಆಮೇಲೆ ಬರೋಣ.

ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಬೇಕಾಗಿರುವುದು ನಾಲ್ಕು: ಸಾಕಷ್ಟು ವೇಗದಲ್ಲಿ ತಿರುಗಬೇಕು, ಗಾಳಿ ಒತ್ತಿ ಕಾಯಬೇಕು, ಡೀಸೆಲ್ ಸರಿಯಾದ ಒತ್ತಡದಲ್ಲಿ ಬರಬೇಕು, ಅದನ್ನು ಯಾವ ಕ್ಷಣಕ್ಕೆ ಬಿಡಬೇಕು ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಗೊತ್ತಾಗಬೇಕು. ನಾವು ಹುಡುಕಬೇಕಾಗಿರುವುದು ಈ ನಾಲ್ಕರಲ್ಲಿ ಯಾವುದು ಇಲ್ಲ ಅಂತ.

ಕೈ ಹಾಕುವ ಮುಂಚೆ

ಇದನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಹಳೆಯ ಡೀಸೆಲ್ ಗಾಡಿಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ, ಸೆಲ್ಫ್ ಹೊಡೆದು, ಡೀಸೆಲ್ ಬರ್ತಿದೆಯಾ ಅಂತ ನೋಡುವ ರೂಢಿ ಇತ್ತು. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಮಾಡಲೇಬಾರದು. ಕಾರಿನ ಟೈರಿನಲ್ಲಿ ಇರುವುದು ಸುಮಾರು 2.2 ಬಾರ್ ಒತ್ತಡ. ಈ ಪೈಪುಗಳಲ್ಲಿ ಸೆಲ್ಫ್ ಹೊಡೆಯುವಾಗಲೇ 200-300 ಬಾರ್ ಇರುತ್ತದೆ, ಓಡುವಾಗ 1,600 ಬಾರ್ ತನಕವೂ ಏರುತ್ತದೆ. ಕೂದಲೆಳೆಯಷ್ಟು ಸೋರಿಕೆಯಾದರೂ ಡೀಸೆಲ್ ಚರ್ಮದೊಳಗೆ ಇಂಜೆಕ್ಷನ್ ಚುಚ್ಚಿದ ಹಾಗೆ ನುಗ್ಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣಿಸುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ, ಬೆರಳನ್ನೇ ತೆಗೆಯಬೇಕಾಗಿ ಬರಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.

ಏರ್ ಫಿಲ್ಟರ್ ಪೈಪಿಗೆ ಈಥರ್ ಸ್ಪ್ರೇ ಹೊಡೆಯುವುದು, ಪೆಟ್ರೋಲ್ ಬಟ್ಟೆ ಹಿಡಿಯುವುದು ಕೂಡ ಬೇಡ. ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಕೆಂಪಗೆ ಕಾದಿದ್ದರೆ ಒಳಗೆ ಸಿಡಿಯುತ್ತದೆ. ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ. ವಾಲ್ವ್‌ಗಳನ್ನು ಲಯಕ್ಕೆ ಆಡಿಸುವ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಮೊದಲೇ ಸಡಿಲವಾಗಿದ್ದರೆ ಆ ಜಗ್ಗಾಟಕ್ಕೆ ಹಲ್ಲು ಹಾರಿ ವಾಲ್ವ್ ಬಾಗುತ್ತದೆ. ಸೆಲ್ಫ್ ಒಮ್ಮೆಗೆ 10 ಸೆಕೆಂಡಿಗಿಂತ ಜಾಸ್ತಿ ಬೇಡ. ನಡುವೆ ಒಂದು ನಿಮಿಷ ಬಿಡಿ.

ಗಾಡಿ ಪ್ರವಾಹದ ನೀರಲ್ಲಿ ಹೋಗಿ ನಿಂತಿದ್ದರೆ ಸೆಲ್ಫ್ ಮುಟ್ಟಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದಿದ್ದರೂ ಅಷ್ಟೇ. ಕೀ ಆನ್ ಕೂಡ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

1. ಮೊದಲು ಕಿವಿ

ಕಿಟಕಿ ಇಳಿಸಿ, ರೇಡಿಯೊ ಆರಿಸಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಸರಿಯಾಗಿರುವ ಎಂಜಿನ್ ತಿರುಗುವಾಗ ಒಂದು ಲಯ ಇರುತ್ತದೆ. ಒಂದೊಂದು ಸಿಲಿಂಡರ್ ಗಾಳಿ ಒತ್ತುವಾಗಲೂ ಸ್ವಲ್ಪ ಭಾರವಾಗಿ, ಮತ್ತೆ ಹಗುರವಾಗಿ ಕೇಳಿಸುತ್ತದೆ. ಲಯ ಸಮವಾಗಿದ್ದರೆ ಕಂಪ್ರೆಶನ್ (ಗಾಳಿ ಒತ್ತುವ ಬಲ) ಬಹುತೇಕ ಸರಿ ಇದೆ. ಭಾರವೇ ಇಲ್ಲದೆ ಹೊಲಿಗೆ ಯಂತ್ರದ ಹಾಗೆ ಸರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕಡಿದಿರಬಹುದು. ಅಲ್ಲಿಗೇ ನಿಲ್ಲಿಸಿ. ಡಸ್ಟರ್‌ನಂಥ ಗಾಡಿಗಳಲ್ಲಿದ್ದ 1.5 ಲೀಟರ್ ಕೆ9ಕೆ ಎಂಜಿನ್‌ಗೆ ಬೆಲ್ಟ್ ಇದೆ, ಮಲ್ಟಿಜೆಟ್‌ಗೆ ಚೈನ್. ಚೈನ್ ಇದ್ದರೆ ಜೀವಮಾನವಿಡೀ ನೋಡಬೇಕಿಲ್ಲ ಅಂತಾರೆ, ಆ ಮಾತು ನಂಬಬೇಡಿ. ಆಯಿಲ್ ಸಮಯಕ್ಕೆ ಬದಲಿಸದಿದ್ದರೆ ಚೈನ್ ಕೂಡ ಹಿಗ್ಗುತ್ತದೆ.

ಬ್ಯಾಟರಿಯನ್ನೂ ಇಲ್ಲೇ ನೋಡಿ ಮುಗಿಸಿ. ಮಲ್ಟಿಮೀಟರ್ ಇಟ್ಟರೆ ನಿಂತಾಗ 12.4ರಿಂದ 12.6 ವೋಲ್ಟ್ ಬರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. "ಸೆಲ್ಫ್ ಹೊಡೀತಿದೆಯಲ್ಲ, ಬ್ಯಾಟರಿ ಸರಿ ಇದೆ" ಅಂತ ಅಂದುಕೊಳ್ಳುತ್ತೇವೆ. ಆದರೆ ವೋಲ್ಟೇಜ್ ಕುಸಿದರೆ ಸೆಲ್ಫ್ ಹೇಗೋ ತಿರುಗುತ್ತದೆ, ಇಸಿಯು ಮಾತ್ರ ಕಣ್ಣು ಮುಚ್ಚುತ್ತದೆ. ಟರ್ಮಿನಲ್ ಮೇಲಿನ ಬಿಳಿ ಪುಡಿ, ಗೇರ್‌ಬಾಕ್ಸಿಗೆ ಬರುವ ಅರ್ಥ್ ವೈರ್, ಎರಡನ್ನೂ ಉಜ್ಜಿ ಬಿಗಿ ಮಾಡಿ.

2. ಮೀಟರ್ ಏನು ಹೇಳುತ್ತಿದೆ

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಹತ್ತಲೇಬೇಕು. ಹತ್ತದಿದ್ದರೆ ಇಸಿಯುಗೆ ಕರೆಂಟೇ ಹೋಗುತ್ತಿಲ್ಲ. ಫ್ಯೂಸ್, ಮೇನ್ ರಿಲೇ ನೋಡಿ. ನಮ್ಮ ಕಡೆ ತೋಟದ ಮನೆಗಳಲ್ಲಿ, ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಿಗೆ ಇಲಿ ಕಾಟ ಬಹಳ. ಬಾನೆಟ್ ಎತ್ತಿ ಟಾರ್ಚ್ ಹಿಡಿದು ವೈರಿಂಗ್ ಪೂರ್ತಿ ನೋಡಿ. ಹಿಕ್ಕೆ ಕಂಡರೆ ಹತ್ತಿರದಲ್ಲೇ ಕಡಿದ ವೈರ್ ಇರುತ್ತದೆ.

ಕೀ ಅಥವಾ ಬೀಗದ ಗುರುತಿನ ಲೈಟ್ ಮಿನುಗುತ್ತಿದ್ದರೆ ಅದು ಇಮೊಬಿಲೈಸರ್. ಗಾಡಿ ನಿಮ್ಮ ಕೀಯನ್ನು ಗುರುತಿಸಿಲ್ಲ. ಎರಡನೇ ಕೀ ಹಾಕಿ ನೋಡಿ. ಕೀಚೈನಿನಲ್ಲಿ ಬೇರೆ ಗಾಡಿಯ ಕೀ ಇದ್ದರೆ ಬಿಡಿಸಿ. ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆ ಆಫ್ ಆಗುತ್ತಿದ್ದರೂ ಇದೇ ಅನುಮಾನ ಬರಬೇಕು. ಫಿಯೆಟ್, ಫೋರ್ಡ್‌ನ ಕೆಲವು ಕಾರುಗಳಲ್ಲಿ ಗುದ್ದಿದಾಗ ಇಂಧನ ನಿಲ್ಲಿಸುವ ಸ್ವಿಚ್ ಒಂದಿದೆ. ದೊಡ್ಡ ಹಳ್ಳಕ್ಕೆ ಇಳಿದಾಗಲೂ ಅದು ಹಾರುವುದುಂಟು. ಮ್ಯಾನ್ಯುಯಲ್‌ನಲ್ಲಿ ಜಾಗ ನೋಡಿ ಒತ್ತಿದರೆ ಸಾಕು. ಹೊಗೆ ಶುದ್ಧ ಮಾಡಲು ಆಡ್‌ಬ್ಲೂ ಎಂಬ ದ್ರವ ಹಾಕುವ ಬಿಎಸ್6 ಡೀಸೆಲ್ ಆಗಿದ್ದರೆ ಅದರ ಎಚ್ಚರಿಕೆ ಮೀಟರಿನಲ್ಲಿ ಬಂದಿದೆಯಾ ನೋಡಿ. ಕೊಟ್ಟ ಕಿಲೋಮೀಟರ್ ಮುಗಿದ ಮೇಲೆ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಗಾಡಿಯೇ ಬಿಡುವುದಿಲ್ಲ.

3. ಸೈಲೆನ್ಸರ್ ಹತ್ತಿರ ನಿಂತು ಹೊಗೆ ನೋಡಿ

ನನ್ನ ಪ್ರಕಾರ ಒಂದು ಪೈಸೆ ಖರ್ಚಿಲ್ಲದ, ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆ ಇದು. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಹಿಂದೆ ನಿಲ್ಲಿ.

ಹೊಗೆಯೇ ಇಲ್ಲ, ಡೀಸೆಲ್ ವಾಸನೆಯೂ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ರೈಲ್‌ನಲ್ಲಿ ಒತ್ತಡ ಇಲ್ಲ, ಇಲ್ಲವೇ ಇಸಿಯು ಇಂಜೆಕ್ಟರನ್ನು ತೆರೆಯುತ್ತಿಲ್ಲ. ಮುಂದಿನ ಮೂರು ಹಂತಗಳು ನಿಮಗೆ.

ಬಿಳಿ ಅಥವಾ ಬೂದು ಹೊಗೆ, ಕಣ್ಣು ಉರಿಯುವಂಥ ಡೀಸೆಲ್ ವಾಸನೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ನೇರ ಏಳನೇ ಹಂತಕ್ಕೆ ಹೋಗಿ. ಕೈಗೆ ಗಾಳಿಯ ಬಡಿತವೇ ತಾಗದಿದ್ದರೆ ಗಾಳಿಯ ದಾರಿ ಎಲ್ಲೋ ಕಟ್ಟಿಕೊಂಡಿದೆ, ಇಲ್ಲವೇ ವಾಲ್ವ್‌ಗಳೇ ಆಡುತ್ತಿಲ್ಲ.

4. ಸ್ಕ್ಯಾನರ್ ಹಾಕಿ, ಕೋಡ್ ಮಾತ್ರ ನೋಡಿ ನಿಲ್ಲಬೇಡಿ

ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣ ಓಬಿಡಿ ಸ್ಕ್ಯಾನರ್ (ಇಸಿಯು ಬರೆದಿಟ್ಟ ತೊಂದರೆಯ ಕೋಡ್ ಓದುವ ಸಾಧನ) ಕೂಡ ಸಾಕು. ಮೊದಲು ಕೋಡ್‌ಗಳನ್ನು ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಪಿ0335 ಅಂದರೆ ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್, ಪಿ0340 ವಾಲ್ವ್ ಆಡಿಸುವ ದಂಡವನ್ನು ಗಮನಿಸುವ ಕ್ಯಾಮ್ ಸೆನ್ಸರ್. ಪಿ0016 ಬಂದರೆ ಎರಡಕ್ಕೂ ತಾಳಮೇಳ ಇಲ್ಲ, ಚೈನ್ ಹಿಗ್ಗಿರಬಹುದು. ಪಿ0087 ಅಂದರೆ ರೈಲ್ ಒತ್ತಡ ಕಡಿಮೆ. ಕೋಡ್ ಹೇಳುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಮಾತ್ರ. ಆ ಪಾರ್ಟೇ ಹೋಗಿದೆ ಅಂತ ಅದು ಹೇಳುವುದಿಲ್ಲ.

ಆಮೇಲೆ ಲೈವ್ ಡೇಟಾ ತೆರೆದು, ಸೆಲ್ಫ್ ಹೊಡೆಯುತ್ತಾ ಎರಡೇ ಸಂಖ್ಯೆ ನೋಡಿ: ಆರ್‌ಪಿಎಂ ಮತ್ತು ರೈಲ್ ಒತ್ತಡ.

ಎಂಜಿನ್ ತಿರುಗುತ್ತಿರುವುದು ಕಿವಿಗೆ ಕೇಳಿಸುತ್ತಿದೆ, ಆದರೂ ಆರ್‌ಪಿಎಂ ಸೊನ್ನೆ ಅಂದರೆ ಕ್ರ್ಯಾಂಕ್ ಸೆನ್ಸರಿನ ಸುದ್ದಿ ಇಸಿಯುಗೆ ಮುಟ್ಟುತ್ತಿಲ್ಲ. ಆರ್‌ಪಿಎಂ 200ರ ಮೇಲೆ ಬಂದು ರೈಲ್ ಒತ್ತಡ 50, 80, 100 ಬಾರ್‌ಗೇ ನಿಂತರೆ ತೊಂದರೆ ಡೀಸೆಲ್ ಕಡೆ. ಒತ್ತಡ ಸುಮಾರು 200 ಬಾರ್ ಮುಟ್ಟುವ ತನಕ ಇಸಿಯು ಇಂಜೆಕ್ಟರಿಗೆ ಅಪ್ಪಣೆ ಕೊಡುವುದಿಲ್ಲ. ಈ ಮಿತಿ ಎಂಜಿನ್ನಿಗೆ ತಕ್ಕಂತೆ 150ರಿಂದ 250ರ ನಡುವೆ ಇರುತ್ತದೆ. ಎರಡೂ ಸರಿಯಿದ್ದು, ಹೊಗೆ ಇಲ್ಲ ಅಂದರೆ ಕ್ಯಾಮ್ ಸೆನ್ಸರ್, ಇಮೊಬಿಲೈಸರ್, ಇಂಜೆಕ್ಟರ್ ವೈರಿಂಗ್ ನೋಡಬೇಕು.

ಇನ್ನೊಂದು ಮಾತು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೀ ಆನ್ ಮಾಡಿದಾಗ ರೈಲ್ ಒತ್ತಡ ಸೊನ್ನೆಯ ಹತ್ತಿರ ಇರಬೇಕು. 300 ಬಾರ್ ಅಂತ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಅದರ ಸಿಗ್ನಲ್ ವೈರಿನಲ್ಲಿ ಆಗ ಸುಮಾರು 0.5 ವೋಲ್ಟ್ ಬರಬೇಕು.

ಗೆಳೆಯನ ಗಾಡಿಯ ಕತೆ ಇಲ್ಲಿಗೇ ಸೇರುತ್ತದೆ. ಬಿಸಿ ಎಂಜಿನ್ನಿನಲ್ಲಿ ಸೆಲ್ಫ್ ಹೊಡೆದಾಗ ಆರ್‌ಪಿಎಂ ಸೊನ್ನೆ. ಅರ್ಧ ಗಂಟೆ ಬಿಟ್ಟು ಹೊಡೆದರೆ 230, ಗಾಡಿಯೂ ಸ್ಟಾರ್ಟ್. ಕ್ರ್ಯಾಂಕ್ ಸೆನ್ಸರ್ ಬಿಸಿಯಾದಾಗ ಒಳಗೇ ಕಡಿತವಾಗುವುದು ಗೊತ್ತಿರುವ ಕಾಯಿಲೆ. ಹೊಸ ಸೆನ್ಸರ್ ತರಲು ಹೊರಟಿದ್ದೆವು. ಅದಕ್ಕೂ ಮುಂಚೆ ಒಮ್ಮೆ ವೈರ್ ಹಿಡಿದುಕೊಂಡೇ ಹೋಗೋಣ ಅಂತ ಗಾಡಿ ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋದೆ. ಎಂಜಿನ್ನಿನ ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ವೈರ್ ಒರಗಿತ್ತು. ಕ್ಲಿಪ್ ಮುರಿದು ಎಷ್ಟು ದಿನವಾಗಿತ್ತೋ. ಕಪ್ಪು ಪ್ಲಾಸ್ಟಿಕ್ ಸವೆದು, ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಕಾಣುತ್ತಿತ್ತು. ಮಳೆನೀರು ತಾಗಿ ಹಸಿರು ಹಿಡಿದಿತ್ತು. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದಾಗ ತಾಮ್ರ ಪಟ್ಟಿಗೆ ತಾಗುತ್ತಿತ್ತು, ತಣ್ಣಗಾದಾಗ ಬಿಡುತ್ತಿತ್ತು. ಆ ಭಾಗ ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದು ದೂರ ಕಟ್ಟಿದೆವು. ಅಷ್ಟೇ ಕೆಲಸ. ಸೆನ್ಸರ್ ಹಳೆಯದೇ ಇದೆ.

ಸೆನ್ಸರನ್ನೇ ಅಳೆಯಬೇಕಾದರೆ, ಎರಡು ವೈರಿನದ್ದು ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಆಸುಪಾಸು ಓಮ್ ತೋರಿಸುತ್ತದೆ. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆಯಿರಿ. ಮೂರು ವೈರಿನದ್ದು ಸಾಮಾನ್ಯವಾಗಿ ಹಾಲ್ ಸೆನ್ಸರ್ (ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಬಗೆ), ಅದನ್ನು ಓಮ್‌ನಲ್ಲಿ ಅಳೆಯಬಾರದು. ಕರೆಂಟ್ ಬರುತ್ತಿದೆಯಾ, ಅರ್ಥ್ ಇದೆಯಾ, ತಿರುಗುವಾಗ ಸಿಗ್ನಲ್ ಏರಿಳಿಯುತ್ತಿದೆಯಾ ಅಂತ ನೋಡಬೇಕು.

5. ಟ್ಯಾಂಕಿನಿಂದ ಹೈ ಪ್ರೆಶರ್ ಪಂಪ್ ತನಕ

ರೈಲ್ ಒತ್ತಡ ಏರುತ್ತಿಲ್ಲ ಅಂದರೆ ಮೊದಲು ಅಗ್ಗದ ಕಡೆಯಿಂದ ಬನ್ನಿ. ಟ್ಯಾಂಕಿಗೆ ಐದು ಲೀಟರ್ ಡೀಸೆಲ್ ಹಾಕಿ. ಡೀಸೆಲ್ ಮೀಟರಿನ ಮುಳ್ಳು ಸುಳ್ಳು ಹೇಳುವುದುಂಟು, ಇಳಿಜಾರಿನಲ್ಲಿ ನಿಂತ ಗಾಡಿಯಲ್ಲಿ ಇರುವ ಡೀಸೆಲ್ ಒಂದು ಮೂಲೆಗೆ ಸೇರುವುದೂ ಉಂಟು.

ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲ ಮಾಡಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿಯಿರಿ. ಐದು ನಿಮಿಷ ಹಾಗೇ ಇಡಿ. ತಳದಲ್ಲಿ ನೀರು ಬೇರೆಯಾಗಿ ಕೂತರೆ ಕಣ್ಣಿಗೇ ಕಾಣುತ್ತದೆ. ಕಸ, ತುಕ್ಕು ಇದ್ದರೆ ಫಿಲ್ಟರ್ ಬದಲಿಸಿ. ಲೋಹದ ಮಿಣುಕು ಪುಡಿ ಇದ್ದರೆ ಅಲ್ಲೇ ನಿಲ್ಲಿಸಿ. ಹೈ ಪ್ರೆಶರ್ ಪಂಪ್ ಒಳಗೇ ಸವೆಯುತ್ತಿದೆ, ಆ ಪುಡಿ ಇಂಜೆಕ್ಟರ್ ತನಕ ಹೋಗಿರಬಹುದು.

ಆಮೇಲೆ ಗಾಳಿ. ಫಿಲ್ಟರ್ ಬದಲಿಸಿದ ಮಾರನೇ ದಿನವೇ ಗಾಡಿ ನಿಂತಿದ್ದರೆ ಸುಮ್ನೆ ಬೇರೆ ಏನನ್ನೂ ಹುಡುಕಬೇಡಿ, ಏರ್ ಹಿಡಿದಿದೆ. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಕೆಲವು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು. ಬಂದರೆ ಐದಾರು ಸಲ ಕೀ ಆನ್-ಆಫ್ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಬರದಿದ್ದರೆ ಪಂಪಿನ ಫ್ಯೂಸ್, ರಿಲೇ, ಕೊನೆಗೆ ಪಂಪ್. ಕೆ9ಕೆಯಂಥ ಎಂಜಿನ್‌ಗಳಲ್ಲಿ ಟ್ಯಾಂಕಿನಲ್ಲಿ ಪಂಪ್ ಇಲ್ಲ, ಬಾನೆಟ್ ಒಳಗೆ ರಬ್ಬರ್ ಬಲ್ಬ್ ಇರುತ್ತದೆ. ಅದನ್ನು ಗಟ್ಟಿಯಾಗುವ ತನಕ ಒತ್ತಬೇಕು. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪಿಗೆ ಹೋಗುವ ಪೈಪ್ ಪಾರದರ್ಶಕವಾಗಿದ್ದರೆ ಗುಳ್ಳೆಗಳು ಕಾಣುತ್ತವೆ. ಇಲ್ಲದಿದ್ದರೆ ಒಂದಡಿ ಪಾರದರ್ಶಕ ಪೈಪ್ ನಡುವೆ ಸೇರಿಸಿ ನೋಡಬಹುದು. ಇದು ಕಡಿಮೆ ಒತ್ತಡದ ಕಡೆ ಮಾತ್ರ.

6. ಒತ್ತಡ ಎಲ್ಲಿ ಸೋರುತ್ತಿದೆ

ಡೀಸೆಲ್ ಶುದ್ಧವಾಗಿದೆ, ಗಾಳಿ ಇಲ್ಲ, ಆದರೂ ರೈಲ್ 80 ಬಾರ್ ದಾಟುತ್ತಿಲ್ಲ. ಈಗ ಮೂರು ಅನುಮಾನ: ಇಂಜೆಕ್ಟರ್ ರಿಟರ್ನ್‌ಗೆ (ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪಿಗೆ) ಸೋರುತ್ತಿದೆ, ಒತ್ತಡ ಹತೋಟಿ ಮಾಡುವ ವಾಲ್ವ್ ತೆರೆದೇ ಇದೆ, ಅಥವಾ ಪಂಪ್ ಸೋತಿದೆ.

ಇಂಜೆಕ್ಟರಿಗೆ ರಿಟರ್ನ್ ಟೆಸ್ಟ್ ಇದೆ. ಪ್ರತಿ ಇಂಜೆಕ್ಟರಿನ ಮೇಲಿನ ಸಣ್ಣ ರಿಟರ್ನ್ ಪೈಪ್ ಬಿಚ್ಚಿ, ಅಲ್ಲಿಂದ ಒಂದೊಂದು ಪೈಪ್ ಒಂದೇ ಅಳತೆಯ ನಾಲ್ಕು ಬಾಟಲಿಗೆ ಇಳಿಸಿ. ಮೂಲ ರಿಟರ್ನ್ ಲೈನಿನ ಬಾಯಿ ಮುಚ್ಚಿ. ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆರೋಗ್ಯವಾಗಿರುವ ಇಂಜೆಕ್ಟರ್ ಕೆಲವು ಹನಿ ಬಿಟ್ಟರೆ ಹೆಚ್ಚು. ಒಂದು ಬಾಟಲಿ ಮಾತ್ರ ಸರಸರ ತುಂಬಿದರೆ ಆ ಇಂಜೆಕ್ಟರೇ ಕಳ್ಳ. ಪಂಪ್ ಮಾಡಿದ ಒತ್ತಡವನ್ನೆಲ್ಲ ಅದೊಂದೇ ವಾಪಸ್ ಕಳಿಸುತ್ತಿದೆ. ನಾಲ್ಕೂ ಬದಲಿಸಿ ಅನ್ನುವವರಿಗೆ ಈ ಬಾಟಲಿಗಳನ್ನು ತೋರಿಸಿ. ಪೀಜೊ ಇಂಜೆಕ್ಟರ್ (ಕರೆಂಟಿಗೆ ಹಿಗ್ಗುವ ಹರಳಿನಿಂದ ತೆರೆಯುವ ಬಗೆ) ಇರುವ ಗಾಡಿಯಲ್ಲಿ ಮಾತ್ರ ಇದನ್ನು ಮನೆಯಲ್ಲಿ ಮಾಡಬೇಡಿ. ಅವಕ್ಕೆ ರಿಟರ್ನ್ ಕಡೆಯೂ ಒತ್ತಡ ಬೇಕು, ವೈರಿನಲ್ಲಿ 100 ವೋಲ್ಟ್ ದಾಟುತ್ತದೆ.

ಬಾಟಲಿಗಳೆಲ್ಲ ಖಾಲಿ ಅಂದರೆ ರೆಗ್ಯುಲೇಟರ್ ವಾಲ್ವ್, ಆಮೇಲೆ ಪಂಪ್. ಇದಕ್ಕೆ ಒಳ್ಳೆಯ ಪಂಪ್ ಅಂಗಡಿಗೇ ಹೋಗಿ. ಅಳತೆ ಯಂತ್ರದಲ್ಲಿ ಹಾಕಿ ನೋಡಿದ ಚೀಟಿ ಕೇಳಿ.

7. ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ

ಎಲ್ಲರೂ ಮೊದಲು ಹೀಟರ್ ಪ್ಲಗ್ ಅನ್ನುತ್ತಾರೆ. ನಮ್ಮ ಹವೆಯಲ್ಲಿ ಒಂದೆರಡು ಪ್ಲಗ್ ಹೋದರೂ ಕಾಮನ್ ರೈಲ್ ಎಂಜಿನ್ ಸ್ಟಾರ್ಟ್ ಆಗೇ ಆಗುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಸ್ವಲ್ಪ ಒದ್ದಾಡಿ, ಬಿಳಿ ಹೊಗೆ ಬಿಟ್ಟು ಎದ್ದೇಳುತ್ತದೆ. ಮಧ್ಯಾಹ್ನವೂ ಸ್ಟಾರ್ಟ್ ಆಗದಿದ್ದರೆ ತಪ್ಪು ಬೇರೆಡೆ ಇದೆ. ಅಳೆಯುವುದು ಸುಲಭ: ವೈರ್ ತೆಗೆದು ಪ್ಲಗ್‌ನಿಂದ ಎಂಜಿನ್ ಮೈಗೆ ಓಮ್ ನೋಡಿ. ಒಂದು ಓಮ್ ಆಸುಪಾಸು ಇದ್ದರೆ ಸರಿ, ಏನೂ ತೋರಿಸದಿದ್ದರೆ ಸುಟ್ಟಿದೆ.

ಗಾಳಿಯ ದಾರಿ ಬಿಚ್ಚಿ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿ, ಚಿಂದಿ ಬಟ್ಟೆ ತುಂಬಿರುವುದನ್ನು ನಾನೇ ನೋಡಿದ್ದೇನೆ. ಇನ್‌ಟೇಕ್‌ನಲ್ಲಿ ಥ್ರಾಟಲ್ ಫ್ಲಾಪ್ ಇರುವ ಡೀಸೆಲ್‌ಗಳಲ್ಲಿ ಅದು ಮಸಿ ಹಿಡಿದು ಮುಚ್ಚಿಕೊಂಡೇ ಉಳಿಯುವುದುಂಟು. ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಒಳಗೆ ಹೊಸ ಗಾಳಿ ಸಾಲದು.

ಈಗ ಟರ್ಬೊ ಸರದಿ. ಟರ್ಬೊಗೆ ಹೋಗುವ ಪೈಪ್ ತೆಗೆದು ಒಳಗಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಹಗುರವಾಗಿ ತಿರುಗಬೇಕು. ಪಕ್ಕಕ್ಕೆ ತುಸು ಆಡಿದರೆ ತೊಂದರೆ ಇಲ್ಲ. ಹಿಂದೆ ಮುಂದೆ ಆಡುತ್ತಿದ್ದರೆ, ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಟರ್ಬೊ ಮುಗಿದಿದೆ. ಆಗಲೂ ಸ್ಟಾರ್ಟ್ ಆಗದಿರಲು ಅದೇ ಕಾರಣ ಅಂತ ತೀರ್ಮಾನಿಸಬೇಡಿ.

ನಿಜವಾಗಿ ಹೆದರಬೇಕಾದದ್ದು, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ನಿಂತಿದ್ದರೆ. ತೆಳುವಾಗಿ ಸವರಿದ ಹಾಗಿದ್ದರೆ ಮಾಮೂಲಿ. ಬಗ್ಗಿಸಿದಾಗ ಸುರಿಯುವಷ್ಟಿದ್ದರೆ ಸೆಲ್ಫ್ ಹೊಡೆಯಬೇಡಿ. ಎಂಜಿನ್ ಆ ಆಯಿಲನ್ನೇ ಕುಡಿದು ಹುಚ್ಚೆದ್ದು ಓಡಬಹುದು, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಹಾಗಾದರೆ ಬ್ರೇಕ್ ಗಟ್ಟಿ ಒತ್ತಿ, ಅತಿ ದೊಡ್ಡ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಉಸಿರು ಕಟ್ಟಿಸಬೇಕು. ಗಾಳಿಯ ಬಾಯಿಗೆ ಕೈ ಅಡ್ಡ ಇಡಬೇಡಿ.

ಇದೆಲ್ಲ ಸರಿಯಿದ್ದರೆ ಉಳಿಯುವುದು ಕಂಪ್ರೆಶನ್ ಮತ್ತು ಟೈಮಿಂಗ್. ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆಯಿಸಿ. ಡೀಸೆಲ್‌ಗೆ ಸುಮಾರು 22ರಿಂದ 30 ಬಾರ್ ಬರುತ್ತದೆ. ನಾಲ್ಕೂ ಹತ್ತಿರ ಹತ್ತಿರ ಇರಬೇಕು.

ಟರ್ಬೊ ಪೆಟ್ರೋಲ್ ಆಗಿದ್ದರೆ

ಕಿವಿ, ಬ್ಯಾಟರಿ, ಮೀಟರ್, ಆರ್‌ಪಿಎಂ, ಇವೆಲ್ಲ ಹಾಗೆಯೇ. ಹೊಗೆಯ ಬದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಾಗಿದ್ದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಜಾಸ್ತಿಯಾಗಿದೆ. ಒದ್ದೆಯಾಗಿದ್ದಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹೆಚ್ಚಿನ ಗಾಡಿಗಳಲ್ಲಿ ಆಗ ಇಂಜೆಕ್ಟರ್ ಬಂದ್ ಆಗಿ ಗಾಳಿ ಮಾತ್ರ ಹೋಗುತ್ತದೆ, ಪ್ಲಗ್ ಒಣಗುತ್ತದೆ. ಮನೆ ಮುಂದೆ ಜಾಗ ಬದಲಿಸಲು ಅರ್ಧ ನಿಮಿಷ ಓಡಿಸಿ ಆಫ್ ಮಾಡಿದ ಗಾಡಿಗಳಲ್ಲಿ ಇದು ಜಾಸ್ತಿ ಆಗುತ್ತದೆ. ಟರ್ಬೊದಿಂದ ಬರುವ ಪೈಪ್ ಕಳಚಿದ್ದರೆ ಪೆಟ್ರೋಲ್ ಗಾಡಿ ಸ್ಟಾರ್ಟ್ ಆಗಿ ಕೂಡಲೇ ಆಫ್ ಆಗಬಹುದು, ಯಾಕೆಂದರೆ ಅಳೆದ ಗಾಳಿಯೇ ಬೇರೆ, ಒಳಗೆ ಹೋದ ಗಾಳಿಯೇ ಬೇರೆ. ಕ್ಲ್ಯಾಂಪ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಅಲ್ಲಾಡಿಸಿ ನೋಡಿ.

ಗಾಡಿ ಸ್ಟಾರ್ಟ್ ಆದ ಮೇಲೆ ಕೂಡಲೇ ಊರು ಸುತ್ತಲು ಹೊರಡಬೇಡಿ. ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು, ಬಿಚ್ಚಿದ ಜಾಗಗಳಲ್ಲಿ ಒದ್ದೆ ಇದೆಯಾ ನೋಡಿ. ಒತ್ತಡದ ಪೈಪುಗಳ ಹತ್ತಿರ ಕೈ ಒಯ್ಯಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಬರೆದಿಟ್ಟುಕೊಂಡ ಕೋಡ್‌ಗಳನ್ನು ಈಗ ಅಳಿಸಿ. ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೀ ತಿರುಗಿಸಿ. ಗೆಳೆಯನ ಗಾಡಿಗೆ ಈ ಪರೀಕ್ಷೆಯನ್ನು ಮೂರು ಸಲ ಮಾಡಿದೆವು. ಮೂರು ಸಲವೂ ಮೊದಲ ಸೆಲ್ಫ್‌ಗೇ ಎದ್ದಿತು.